ಸುತ್ತಿಗೆಗೆ ಹೇಳುವ ಮಾತು

ನಮ್ಮ ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ, ಅತ್ತಿಗೆ ಇದ್ದದ್ದಕ್ಕೆ ಇಷ್ಟು ವರ್ಷ ಯಾರನ್ನೂ ಕೊಲ್ಲದೆ ಉಳಿದ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಬೀದಿಯವರಿಗೆ ಬಾಯಿ ಇರುವುದೇ ಅದಕ್ಕೆ. ನಾನು ಆ ಇಬ್ಬರ ಜೊತೆ ಒಂದೇ ಶೆಡ್ಡಿನಲ್ಲಿ ಬೆವರು ಸುರಿಸಿದವನು. ಅವರು ತಟ್ಟಿ ನೆಟ್ಟಗೆ ಮಾಡಿದ ತಗಡಿಗೆ ಬಣ್ಣ ಹೊಡೆಯುವವನು. ನನ್ನನ್ನು ಕೇಳಿದರೆ ಅಣ್ಣನದು ಬರೀ ಕೈ. ಸಿಟ್ಟು ಪೂರ್ತಿ ಅತ್ತಿಗೆಯದು.

ನಮ್ಮದು ಟಿಂಕರಿಂಗ್ ಶೆಡ್. ಎಲ್ಲೋ ಗುದ್ದಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವುದು ಕೆಲಸ. ಅದಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಸುತ್ತಿಗೆಯಲ್ಲಿ ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬರು ಸರಿಯಾಗಿ ಅದೇ ಜಾಗಕ್ಕೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಹಿಂದೆ ಗಟ್ಟಿ ಇಲ್ಲದೆ ಬಿದ್ದ ಏಟು ತಗಡನ್ನು ಇನ್ನಷ್ಟು ಕೆಡಿಸುತ್ತದೆ. ಗಟ್ಟಿ ಹಿಡಿಯುವವರು ಬಾಗಿಲಿನ ಮರೆಯಲ್ಲಿ ಕೂತಿರುತ್ತಾರೆ, ಹೊಡೆಯುವವನಿಗೆ ಅವರ ಬೆರಳು ಕಾಣುವುದಿಲ್ಲ. ಹಾಗಾಗಿ ಏಟು ಯಾವಾಗ ಬೀಳಬೇಕು ಎಂದು ಒಳಗಿದ್ದವರೇ ಹೇಳಬೇಕು. ಒಳಗೆ ಕೂರುತ್ತಿದ್ದದ್ದು ನಮ್ಮ ಅತ್ತಿಗೆ. ಗಟ್ಟಿ ಕೂತ ಮೇಲೆ ಅವರು "ಬಿಡು" ಎನ್ನುತ್ತಿದ್ದರು. ಏಟು ಬಿಡು, ಹೊಡಿ ಎಂದು ಅರ್ಥ. ದಿನವೆಲ್ಲ ಅದೊಂದೇ ಮಾತು, ಅದರ ಹಿಂದೆಯೇ ಧಡ್ ಎಂಬ ಸದ್ದು.

ಇನ್ನೊಂದು ಸಂಗತಿ ಹೇಳಬೇಕು. ಅತ್ತಿಗೆ ಅಣ್ಣನನ್ನು ಮದುವೆಯಾದಂದಿನಿಂದ ಬಹುವಚನದಲ್ಲೇ ಮಾತಾಡಿಸಿದವರು. ಬನ್ನಿ, ಕೂತ್ಕೊಳ್ಳಿ, ಸಾಕು ಸುಮ್ಮನಿರಿ. ಬೈಯುವಾಗಲೂ ಮರ್ಯಾದೆ ತಪ್ಪುತ್ತಿರಲಿಲ್ಲ: ನಿಮ್ಮ ತಲೆಯಲ್ಲಿ ಇರುವುದು ಮಿದುಳೋ ಗಾಡಿಗೆ ಮೆತ್ತುವ ಪುಟ್ಟಿಯೋ ಎಂದು ಕೇಳುತ್ತಿದ್ದರು. ಹಾಗಿದ್ದ ಮೇಲೆ ಶೆಡ್ಡಿನಲ್ಲಿ ಮಾತ್ರ ಗಂಡನಿಗೆ ಏಕವಚನ ಯಾಕೆ ಎಂದು ನಾನೊಮ್ಮೆ ರೇಗಿಸಿದೆ.

"ಅದು ನಿಮ್ಮಣ್ಣನಿಗೆ ಹೇಳೋದಲ್ಲ ಕಣೋ," ಎಂದರು. "ಸುತ್ತಿಗೆಗೆ ಹೇಳೋದು. ಸುತ್ತಿಗೆಗೆ ಯಾರಾದರೂ ಬನ್ನಿ ಹೋಗಿ ಅಂತಾರಾ?"

ಅತ್ತಿಗೆ ಕುಳ್ಳಗೆ, ಗಟ್ಟಿಮುಟ್ಟು. ಮಣಿಕಟ್ಟು ನನ್ನದಕ್ಕಿಂತ ದಪ್ಪ. ಎಡಗಿವಿ ಕೇಳಿಸುವುದಿಲ್ಲ, ಅದಕ್ಕೆ ಕಾರಣ ನಮ್ಮ ಅಣ್ಣನೇ. ಮದುವೆಯಾದ ಹೊಸತರಲ್ಲಿ ಅವನು ಕೈ ಮಾಡುತ್ತಿದ್ದ. ಯಾವುದೋ ಗಿರಾಕಿಯ ಮೇಲಿನ ಸಿಟ್ಟನ್ನು ಮನೆಗೆ ಹೊತ್ತು ತಂದು ಕೊಟ್ಟ ಒಂದು ಪೆಟ್ಟಿಗೆ ಕಿವಿಯಿಂದ ರಕ್ತ ಬಂತು. ಅತ್ತಿಗೆ ಅಳಲಿಲ್ಲ, ತವರಿಗೂ ಹೋಗಲಿಲ್ಲ. ಮರುದಿನ ಕಿವಿಗೆ ಹತ್ತಿ ತುರುಕಿಕೊಂಡು ಶೆಡ್ಡಿಗೆ ಬಂದು, ಗಿರಾಕಿಯ ಹೊಸ ಕಾರಿನ ಬಾಗಿಲ ಹಿಂದೆ ಕೂತು "ಬಿಡು" ಎಂದರು. ಅಣ್ಣ ಬೀಸಿದ. ಆದರೆ ಅತ್ತಿಗೆ ಗಟ್ಟಿ ಹಿಡಿದೇ ಇರಲಿಲ್ಲ. ತಗಡು ಬಟ್ಟಲಿನಂತೆ ಒಳಗೆ ಹೋಯಿತು, ಅಣ್ಣನ ಮಣಿಕಟ್ಟು ತಿರುಚಿಕೊಂಡು ಊದಿತು. ಆಗ ಅತ್ತಿಗೆ ಹೊರಗೆ ಬಂದು, ಇನ್ನು ಮುಂದೆ ನಾನು ಹೇಳದೆ ನಿಮ್ಮ ಕೈ ಏಳಬಾರದು, ಶೆಡ್ಡಿನಲ್ಲೂ ಮನೆಯಲ್ಲೂ ಬೀದಿಯಲ್ಲೂ, ಎದ್ದರೆ ಒಳಗೆ ಕೂರಲು ಬೇರೆಯವರನ್ನು ನೋಡಿಕೊಳ್ಳಿ ಎಂದರು. ಅಣ್ಣ ಊದಿದ ಕೈ ಹಿಡಿದುಕೊಂಡು ಆಯಿತು ಎಂದ.

ಅವನು ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ಬೀದಿಯಲ್ಲಿ ಜಗಳವಾದರೆ ಎದುರಿನವನ ಕಾಲರ್ ಹಿಡಿದು, ಮುಷ್ಟಿ ಎತ್ತಿ, ಅಲ್ಲೇ ನಿಂತು ಕತ್ತು ತಿರುಗಿಸಿ ಅತ್ತಿಗೆಯನ್ನು ನೋಡುತ್ತಿದ್ದ. ಅತ್ತಿಗೆ "ಬೇಡ ರೀ" ಎಂದರೆ ಮುಷ್ಟಿ ಇಳಿಯುತ್ತಿತ್ತು. ಜನ ನಗುತ್ತಿದ್ದರು. ನಾನು ಮಾತ್ರ ಅತ್ತಿಗೆಯ ಮುಖ ನೋಡುತ್ತಿದ್ದೆ. ಪ್ರತಿ ಸಲವೂ ಆ "ಬೇಡ" ಹಲ್ಲಿನ ಸಂದಿಯಿಂದ ಬರುತ್ತಿತ್ತು. ಟೀವಿಯಲ್ಲಿ ಕುಸ್ತಿ ಬಂದರೆ ಅವರು ಊಟ ಬಿಟ್ಟು ನೋಡುತ್ತಿದ್ದರು, ಎಲ್ಲಿ ಹೊಡೆದರೆ ಬೀಳ್ತಾನೆ ಅಂತ ಗೊತ್ತಿಲ್ಲ ಮುಂಡೇದಕ್ಕೆ ಎಂದು ಗೊಣಗುತ್ತಿದ್ದರು. ಪ್ರೀತಿ ಪ್ರೇಮದ ಸಿನಿಮಾಕ್ಕೆ ಹೋದರೆ ಅರ್ಧಕ್ಕೇ ನಿದ್ದೆ.

ಅವರಿಬ್ಬರಿಗೆ ಒಂದು ಕಾರಿತ್ತು. ಲಾರಿಯ ಕೆಳಗೆ ಸಿಕ್ಕಿ ನುಜ್ಜುಗುಜ್ಜಾಗಿ ಬಂದದ್ದು. ಒಳಗಿದ್ದವನು ಉಳಿಯಲಿಲ್ಲ, ಮನೆಯವರು ಗಾಡಿಯ ಮುಖ ನೋಡಲೂ ಬರಲಿಲ್ಲ. ಸೀಟಿನಲ್ಲಿ ಒಣಗಿದ್ದ ರಕ್ತವನ್ನು ಅತ್ತಿಗೆಯೇ ಉಜ್ಜಿ ತೊಳೆದರು. ಆಮೇಲೆ ಬಿಡುವಾದಾಗಲೆಲ್ಲ ಇಬ್ಬರೂ ಕೂತು ಅದನ್ನು ಅಂಗುಲ ಅಂಗುಲವಾಗಿ ತಟ್ಟಿ ಎತ್ತಿದರು. ವರ್ಷಗಳೇ ಹಿಡಿದವು. ಅದಕ್ಕೆ ನಾನು ಕಡುನೀಲಿ ಹೊಡೆದೆ. ನನ್ನ ಕೈಯಿಂದ ಅಂಥ ಬಣ್ಣ ಅದಕ್ಕೆ ಮೊದಲೂ ಬಿದ್ದಿಲ್ಲ, ಆಮೇಲೂ ಬಿದ್ದಿಲ್ಲ. ಮೊದಲ ಸವಾರಿ ಎಲ್ಲಿಗೆ ಎಂದು ಅಣ್ಣ ಕೇಳಿದಾಗ ಅತ್ತಿಗೆ ತಡಮಾಡದೆ ಕಡಲ ದಡದ ರಾಷ್ಟ್ರೀಯ ಉದ್ಯಾನಕ್ಕೆ ಎಂದರು. ಕಾಡು ನೇರ ಕಡಲಿನವರೆಗೆ ಇಳಿಯುತ್ತದಂತೆ, ಬಂಡೆಗೆ ಅಲೆ ಬಡಿಯುವುದು ರಸ್ತೆಗೇ ಕೇಳುತ್ತದಂತೆ ಎಂದು ಯಾರೋ ಗಿರಾಕಿ ಹೇಳಿದ್ದನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಮದುವೆಯಾದ ಮೇಲೆ ಇಬ್ಬರೇ ಎಲ್ಲಿಗೂ ಹೋದವರಲ್ಲ.

ಆ ದಿನದ ಕಥೆಯನ್ನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಎಲ್ಲಿ ಇಬ್ಬರ ಮಾತು ಕೂಡುವುದಿಲ್ಲವೋ ಅಲ್ಲಿ ಅತ್ತಿಗೆಯದನ್ನು ನಂಬಿದ್ದೇನೆ.

ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಂಡು ಹೊರಟರು. ಅಣ್ಣ ಗಾಡಿ ಓಡಿಸುತ್ತ ಪ್ರತಿ ಗುಂಡಿಗೂ ಬೈದ. ಊರು ಬಿಟ್ಟು ಹೆದ್ದಾರಿ ಹಿಡಿದ ಮೇಲೆ, ಮುಂದೆ ಹೋಗುತ್ತಿದ್ದ ಲಾರಿಯೊಂದು ನಾಯಿಯ ಮೇಲೆ ಹರಿದು ನಿಲ್ಲಿಸದೆ ಹೋಯಿತು. ಅಣ್ಣ ಗಾಡಿ ಪಕ್ಕಕ್ಕೆ ಹಾಕಿದ. ನಾಯಿಯ ಸೊಂಟ ಮುರಿದು ಹಿಂಗಾಲುಗಳು ಹೇಗೆ ಹೇಗೋ ತಿರುಗಿದ್ದವು. ಮುಂಗಾಲುಗಳಲ್ಲೇ ತೆವಳುತ್ತ, ಹತ್ತಿರ ಹೋದರೆ ಕಚ್ಚಲು ಬರುತ್ತಿತ್ತು. ಅಣ್ಣ ಹಿಂದೆ ಸರಿದ. ಹೋಗೋಣ ಕಣೇ, ಯಾರಾದರೂ ನೋಡ್ಕೋತಾರೆ ಎಂದ. ಯಾರೂ ನೋಡುವುದಿಲ್ಲ ಎಂದರು ಅತ್ತಿಗೆ. ಡಿಕ್ಕಿಯಿಂದ ಸುತ್ತಿಗೆ ತರಿಸಿ, ಹಳೆಯ ಬಟ್ಟೆ ಎಸೆದು ನಾಯಿಯ ಬಾಯಿ ಮುಚ್ಚಿ, ತಲೆಯನ್ನು ಎರಡೂ ಕೈಯಿಂದ ರಸ್ತೆಗೆ ಒತ್ತಿ ಹಿಡಿದು, "ಬಿಡು" ಎಂದರು.

ಅಣ್ಣ ಬಿಟ್ಟ. ಒಂದೇ ಏಟಿಗೆ ಹೋಯಿತು.

ನಾಯಿಯನ್ನು ಪೊದೆಯ ಬದಿಗೆ ಎಳೆದು ಹಾಕಿ, ಅತ್ತಿಗೆ ಬಾಟಲಿಯ ನೀರಿನಲ್ಲಿ ಕೈ, ತೋಳಿನ ಬಟ್ಟೆ ತೊಳೆದುಕೊಂಡರು. ಕಟ್ಟಿಕೊಂಡು ಹೋದ ಮೊಟ್ಟೆಯನ್ನು ಅಣ್ಣ ಕೊನೆಗೂ ಮುಟ್ಟಲಿಲ್ಲ. ಅತ್ತಿಗೆ ಅವನ ಪಾಲನ್ನೂ ತಿಂದರು. ಹಸಿವಾಗಿತ್ತು ಕಣಪ್ಪ, ಸುಳ್ಳು ಯಾಕೆ ಹೇಳಲಿ ಎಂದು ಆಮೇಲೆ ನನಗೆ ಹೇಳಿದರು.

ಉದ್ಯಾನದ ಗೇಟಿನಲ್ಲಿ ಗಾರ್ಡ್ ಒಬ್ಬ ಗಾಜು ಏರಿಸಿಕೊಳ್ಳಿ, ಪ್ರಾಣಿಗಳಿಗೆ ತಿನ್ನಲು ಹಾಕಬೇಡಿ, ನೀರು ಏರುವ ಹೊತ್ತಿನಲ್ಲಿ ಬಂಡೆಗೆ ಇಳಿಯಬೇಡಿ ಎಂದು ಪಾಠ ಒಪ್ಪಿಸಿದ. ಒಳಗೆ ಕಾಡಿನ ಮರಗಳೆಲ್ಲ ಗಾಳಿಯ ಹೊಡೆತಕ್ಕೆ ಒಂದೇ ಕಡೆ ಬಾಗಿದ್ದವು. ರಸ್ತೆ ಕೆಳಗಿಳಿದು ಕೆಸರು ನೀರಿನ ಜೌಗಿಗೆ ಬಂದಾಗ ಇಬ್ಬರೂ ಕಾರು ನಿಲ್ಲಿಸಿ, ನೀರಿನ ಮೇಲೆ ಹಾಕಿದ ಹಲಗೆಯ ದಾರಿಯಲ್ಲಿ ನಡೆದರು. ಕೆಸರಿನಲ್ಲಿ ಏಡಿಗಳು ಒಂದರ ಕೊಂಡಿ ಇನ್ನೊಂದು ಹಿಡಿದು ಜಗ್ಗುತ್ತಿದ್ದವು. ಸೋತದ್ದರ ಕೊಂಡಿ ಕಿತ್ತು ಬಂತು, ಗೆದ್ದದ್ದು ಅದನ್ನು ಅಲ್ಲೇ ಬಿಟ್ಟು ಹೋಯಿತು. ಮಿಂಚುಳ್ಳಿಯೊಂದು ಮೀನು ಹಿಡಿದು ತಂದು ಕೊಂಬೆಗೆ ಬಡಿಯತೊಡಗಿತು. ಈ ಕಡೆ ಒಂದು, ಆ ಕಡೆ ಒಂದು, ಮೀನು ಮಿಸುಕಾಡುವುದು ನಿಲ್ಲುವವರೆಗೆ. ಅಣ್ಣ ಮುಖ ಸಿಂಡರಿಸಿದ. ಅತ್ತಿಗೆ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಹಕ್ಕಿ ಆ ಮೀನನ್ನು ನುಂಗಿ ಹಾರಿಹೋಗುವವರೆಗೂ ನೋಡಿದರು. ನೋಡಿ, ಎಷ್ಟು ಅಚ್ಚುಕಟ್ಟು ಕೆಲಸ ಎಂದರಂತೆ.

ಮಧ್ಯಾಹ್ನ ಕಡಲಿನ ಕಡೆಯ ಬಂಡೆಗಳಿಗೆ ಬಂದರು. ಅಲ್ಲಿ ನೆಲ ತಟ್ಟನೆ ನಿಂತುಹೋಗುತ್ತದೆ. ಕೆಳಗೆ ಕರಿಬಂಡೆಗಳ ಸಂದಿಗೆ ಅಲೆ ನುಗ್ಗಿ, ಒಳಗೆಲ್ಲೋ ಗವಿಯಲ್ಲಿ ಬಡಿದು, ನೆಲವೇ ಅದುರುವಂತೆ ಸದ್ದು ಮಾಡಿ, ನೊರೆಯಾಗಿ ಮೇಲೆ ಹಾರುತ್ತಿತ್ತು. ಬಂಡೆಯ ಚಾಚುಗಳ ಮೇಲೆ ಕಡಲ ಹಕ್ಕಿಗಳ ಗೂಡುಗಳು. ದೊಡ್ಡ ಹಕ್ಕಿಯೊಂದು ಬಂದು ತಾಯಿಯ ಕಣ್ಣೆದುರೇ ಮರಿಯನ್ನು ಕುತ್ತಿಗೆಯಲ್ಲಿ ಹಿಡಿದು ಎತ್ತಿಕೊಂಡು ಹೋಯಿತು. ಉಳಿದ ಹಕ್ಕಿಗಳು ಕಿರುಚಿ ಕಿರುಚಿ ಸುಮ್ಮನಾದವು. ಅತ್ತಿಗೆ ಅಂಚಿನಲ್ಲಿ ಕಲ್ಲಿನ ಕಂಬಗಳ ನಡುವೆ ಅಡ್ಡಮರ ಹಾಕಿದ ಕಟಾಂಜನಕ್ಕೆ ಹೊಟ್ಟೆ ಒತ್ತಿ ನಿಂತು ಅಲೆಯ ಏಟುಗಳನ್ನು ಕೇಳಿದರು. ಸದ್ದು ಕಿವಿಗೆ ಬೇಡ, ಕಾಲಿನಿಂದಲೇ ಏರಿ ಬರುತ್ತಿತ್ತಂತೆ. ಇಷ್ಟು ಹೊಡೆತಕ್ಕೆ ಒಳಗೆ ಗಟ್ಟಿ ಹಿಡಿಯೋರು ಯಾರು ರೀ ಎಂದು ಜೋರಾಗಿ ನಕ್ಕರು. ಅಣ್ಣನೂ ನಕ್ಕ. ಜನರೆದುರು ಅವನು ಅವರ ಕೈ ಹಿಡಿದದ್ದು ಅದೇ ಮೊದಲಂತೆ. ಇದನ್ನು ಹೇಳುವಾಗ ಅತ್ತಿಗೆ ನನ್ನ ಮುಖ ನೋಡಲಿಲ್ಲ.

ತಿರುಗಿ ಬಂದರೆ ಕಾರಿನ ಬಾಗಿಲಿಗೆ ಒಂದು ಬಿಳಿ ಜೀಪು ಹಿಂದಕ್ಕೆ ಬರುತ್ತ ಗುದ್ದಿ ನಿಂತಿತ್ತು.

ಜೀಪಿನವನು ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡ, ಅಣ್ಣನಷ್ಟೇ ವಯಸ್ಸಿನ ಮನುಷ್ಯ. ಹೆಂಡತಿ ಜೀಪಿನ ಒಳಗೆ ಕೂತಿದ್ದಳು. ಅವನು ಇಳಿದು ನೋಡಿ, ಸಾರಿ, ಕಾಣಲಿಲ್ಲ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಅತ್ತಿಗೆ ನೆಗ್ಗಿನ ಮೇಲೆ ಅಂಗೈ ಆಡಿಸಿದರು. ಅವರು ವರ್ಷಗಟ್ಟಲೆ ಒಳಗಡೆ ಕೂತು ಎತ್ತಿದ ಬಾಗಿಲು ಅದು. ಅವನು ಇದೇನು ಹೊಸ ಗಾಡಿಯಾ, ಎಲ್ಲ ಕಡೆ ತಟ್ಟಿದ ಡಬ್ಬ, ಇನ್ನೊಂದು ಸಲ ತಟ್ಟಿದರಾಯಿತು ಎಂದು ಜೀಪು ಹತ್ತಿದ. ಅತ್ತಿಗೆ ಹೋಗಿ ಜೀಪಿನ ಬಾಗಿಲು ಹಿಡಿದರು. ಅವನು ಒಳಗಿನ ಹಿಡಿ ತಿರುವಿ ಬಾಗಿಲನ್ನು ರಭಸದಿಂದ ಹೊರಗೆ ನೂಕಿದ. ಅದರ ಅಂಚು ಅತ್ತಿಗೆಯ ಬಾಯಿಗೆ ಬಡಿದು, ಅವರು ಹಿಂದಕ್ಕೆ ಬಿದ್ದರು. ಮುಂದಿನ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಂತು.

ಅಣ್ಣ ಅವನನ್ನು ಕಾಲರ್ ಹಿಡಿದು ಹೊರಗೆ ಎಳೆದ. ಕ್ಯಾಮೆರಾ ಹಾರಿ ಕಲ್ಲಿಗೆ ಬಿತ್ತು. ಅವನು ಒದ್ದ, ಗುದ್ದಿದ, ಅಣ್ಣನ ಕೆನ್ನೆ ಪರಚಿದ. ಅಣ್ಣ ದರದರ ಎಳೆದುಕೊಂಡು ಹೋಗಿ ಅವನ ಬೆನ್ನನ್ನು ಕಟಾಂಜನಕ್ಕೆ ಆನಿಸಿ, ಎಡಗೈಯಲ್ಲಿ ಕಾಲರ್ ಹಿಡಿದು, ಬಲಗೈಯ ಮುಷ್ಟಿ ಎತ್ತಿ, ಅಭ್ಯಾಸದಂತೆ ನಿಂತ. ಕತ್ತು ತಿರುಗಿಸಿ ಅತ್ತಿಗೆಯನ್ನು ನೋಡಿದ. ದೂರದಿಂದ ಗಾರ್ಡ್ ಕೂಗುತ್ತ ಓಡಿ ಬರುತ್ತಿದ್ದ. ಜೀಪಿನವನ ಹೆಂಡತಿ ಅಳುತ್ತಿದ್ದಳು. ಅತ್ತಿಗೆ ಎದ್ದು ಕೂತು ಬಾಯಲ್ಲಿದ್ದ ರಕ್ತ, ಹಲ್ಲು ಎರಡನ್ನೂ ಉಗುಳಿದರು.

"ಬಿಡು," ಎಂದರು.

ಜೀಪಿನವನಿಗೆ ಜೀವ ಬಂತು. ಪುಣ್ಯಾತ್ಗಿತ್ತಿ ಬಿಡಿಸಿದಳು ಎಂದುಕೊಂಡು, ಮುಖಕ್ಕೆ ಅಡ್ಡ ಹಿಡಿದಿದ್ದ ಎರಡೂ ಕೈ ಕೆಳಗಿಳಿಸಿದ. ತೆರೆದ ಆ ಮುಖಕ್ಕೆ ಅಣ್ಣನ ಮುಷ್ಟಿ ಬಿತ್ತು. ದವಡೆ ಮುರಿದ ಸದ್ದು ಗಾರ್ಡಿಗೂ ಕೇಳಿಸಿತಂತೆ. ಕಟಾಂಜನದ ಮೇಲಿನ ಮರ ಮುರಿದು ಆ ಮನುಷ್ಯ ಬೆನ್ನಡಿಯಾಗಿ ಕೆಳಗೆ ಹೋದ. ಚಾಚಿದ ಬಂಡೆಯೊಂದಕ್ಕೆ ಸೊಂಟ ಬಡಿದು, ಅಲ್ಲಿಂದ ಜಾರಿ ಅಲೆ ನುಗ್ಗುವ ಸಂದಿಗೆ ಸಿಕ್ಕಿಕೊಂಡ.

ಅಣ್ಣ ಎತ್ತಿದ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಮೊದಲು ಎದ್ದದ್ದು ಅತ್ತಿಗೆ. "ಹಗ್ಗ ತನ್ನಿ! ಇಳೀರಿ, ಬೇಗ ಇಳೀರಿ!" ಎಂದು ಅವನ ಬೆನ್ನಿಗೆ ಗುದ್ದಿದರು. ಗಾಡಿ ಎಳೆಯುವ ಹಗ್ಗವನ್ನು ಡಿಕ್ಕಿಯಿಂದ ತಂದು, ಒಂದು ತುದಿ ಅಣ್ಣನ ಸೊಂಟಕ್ಕೆ ಬಿಗಿದು, ಉಳಿದದ್ದನ್ನು ಕಟಾಂಜನದ ಕಲ್ಲಿನ ಕಂಬಕ್ಕೆ ಸುತ್ತಿ ತಾವು ಹಿಡಿದು ಕೂತರು. ಅಣ್ಣ ಇಳಿದ. ಅಲೆ ಅವನನ್ನೂ ಎತ್ತಿ ಬಂಡೆಗೆ ಬಡಿಯಿತು, ಮೊಣಕಾಲು ಒಡೆಯಿತು. ಪ್ರತಿ ಅಲೆಗೂ ಹಗ್ಗ ಜಗ್ಗಿ ಅತ್ತಿಗೆಯ ಅಂಗೈ ಚರ್ಮ ಸುಲಿಯುತ್ತ ಬಂತು. ಅವರು ಹಗ್ಗ ಬಿಡಲಿಲ್ಲ. ಗಾರ್ಡ್ ಬಂದು ಕೈಗೂಡಿಸಿದ. ಅಂತೂ ರಕ್ತ, ಉಪ್ಪುನೀರು ಕಾರುತ್ತಿದ್ದ ಆ ಮನುಷ್ಯನನ್ನು ಮೇಲೆಳೆದು ಮಲಗಿಸಿದರು. ಬದುಕಿದ್ದ.

ಪೊಲೀಸ್ ಠಾಣೆಗೆ ನಾನು ಹೋದಾಗ ಅಣ್ಣನ ಹೇಳಿಕೆ ಮುಗಿದಿತ್ತು. ಹೆಂಡತಿ ಬಿಡಿ, ಬಿಟ್ಟುಬಿಡಿ ಎಂದು ಬೇಡಿಕೊಂಡಳು, ನಾನೇ ಕೇಳಲಿಲ್ಲ, ಎಲ್ಲ ನನ್ನ ತಪ್ಪು ಎಂದಿದ್ದ. ಗಾರ್ಡ್ ಕೂಡ ಅದನ್ನೇ ಹೇಳಿದ್ದ, ಬಿಡು ಅಂತ ಆಕೆ ಕೂಗಿದ್ದು ನನ್ನ ಕಿವಿಗೆ ಬಿತ್ತು ಸಾರ್ ಎಂದು. ಇನ್ಸ್‌ಪೆಕ್ಟರ್ ಎರಡನ್ನೂ ನನಗೆ ಹೇಳಿ, ನಿಮ್ಮ ಅತ್ತಿಗೆಯಂಥ ಹೆಂಗಸನ್ನು ಕಟ್ಟಿಕೊಂಡೂ ನಿಮ್ಮಣ್ಣ ಹೀಗೆ ಎಂದು ತಲೆ ಅಲ್ಲಾಡಿಸಿದರು. ಅವರಿಗೆ ಬಿಡು, ಬಿಡಿ ಎರಡೂ ಒಂದೇ. ನನಗಲ್ಲ. ಅತ್ತಿಗೆ ಅಣ್ಣನಿಗೆ "ಬಿಡು" ಎನ್ನುವವರಲ್ಲ. ಬೆಂಚಿನ ಮೇಲೆ ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಅವರನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು.

ಅಣ್ಣನನ್ನು ಒಳಗೆ ಹಾಕಿದರು, ಅತ್ತಿಗೆಯನ್ನು ಮನೆಗೆ ಕಳಿಸಿದರು. ಕಾರಿನಲ್ಲಿ ನಾನು ಒಂದೇ ಮಾತು ಹೇಳಿದೆ: ಅತ್ತಿಗೆ, ನನಗೆ ಗೊತ್ತಾಗಿದೆ, ನೀವು ಬಾಯಿಗೆ ಬೀಗ ಹಾಕಿಕೊಳ್ಳಿ. ಒಬ್ಬರು ಒಳಗಿದ್ದರೆ ಸಾಲದೇ, ಇಬ್ಬರೂ ಹೋಗಿ ಕೂರಬೇಕೇ? ವಕೀಲರೂ ಅದನ್ನೇ ಹೇಳಿದರು. ಬೀದಿಯವರಂತೂ ಅತ್ತಿಗೆಯನ್ನು ತಲೆ ಮೇಲೆ ಹೊತ್ತುಕೊಂಡರು. ಇಷ್ಟು ವರ್ಷ ಹಿಡಿದಿಟ್ಟಳು ಪಾಪ, ಅವತ್ತು ಅವನು ಅವಳ ಮಾತೂ ಮೀರಿದ ಎಂದು ಅಂಗಡಿ ಅಂಗಡಿಯಲ್ಲಿ ಮಾತು. ಅಣ್ಣನ ಹೆಸರು ಮಣ್ಣುಪಾಲಾಯಿತು. ಅವನು ಮಾತು ಮೀರಿದ ಎಂದು ಯಾರಾದರೂ ಅಂದಾಗಲೆಲ್ಲ ಅತ್ತಿಗೆಯ ಮುಖ ಕಪ್ಪಿಡುವುದನ್ನು ನೋಡಿ ನಾನು ಹೆದರಿದೆ.

ಕೊನೆಗೆ ಜೀಪಿನವನ ಹೆಂಡತಿಯೇ ನಮ್ಮ ಶೆಡ್ಡು ಹುಡುಕಿಕೊಂಡು ಬಂದಳು. ಅತ್ತಿಗೆಯ ಪಟ್ಟಿ ಸುತ್ತಿದ ಕೈ ಹಿಡಿದು ಅತ್ತಳು. ನಮ್ಮವರದೂ ತಪ್ಪಿತ್ತು, ಆದರೂ ನೀವು ಬಿಡು ಅಂದಿರಿ, ಹಗ್ಗ ಹಿಡಿದಿರಿ, ನಿಮ್ಮನ್ನು ಒಂದು ಸಲ ನೋಡಬೇಕು ಅಂತಾರೆ, ಬನ್ನಿ ಎಂದಳು. ಹೋಗಬೇಡಿ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅತ್ತಿಗೆ ಕಬ್ಬಿಣದ ಗಟ್ಟಿಯನ್ನು ಬೆಂಚಿನ ಮೇಲಿಟ್ಟು, ಕೈ ಒರೆಸಿಕೊಂಡು ಹೊರಟೇಬಿಟ್ಟರು. ನಾನೂ ಹಿಂದೆ ಓಡಿದೆ.

ಆಸ್ಪತ್ರೆಯಲ್ಲಿ ಆ ಮನುಷ್ಯ ಚಪ್ಪಟೆ ಮಲಗಿದ್ದ. ದವಡೆಗೆ ತಂತಿ ಕಟ್ಟಿದ್ದರು, ಒಂದು ಕಾಲು ಇನ್ನು ಮೊದಲಿನಂತೆ ಆಗುವುದಿಲ್ಲವಂತೆ. ಅತ್ತಿಗೆಯನ್ನು ಕಂಡು ಕೈ ಮೇಲೆತ್ತಲು ನೋಡಿದ. ಹಲ್ಲು ಕಚ್ಚಿಕೊಂಡೇ ಏನೋ ಹೇಳಿದ. ಥ್ಯಾಂಕ್ಸ್ ಅಮ್ಮ ಎಂದಿರಬೇಕು.

ಅತ್ತಿಗೆ ಮಂಚದ ಹತ್ತಿರ ಹೋಗಿ ನಿಂತರು. "ನಾನು ನಿಮ್ಮನ್ನ ಬಿಡು ಅಂತ ಹೇಳಿಲ್ಲ," ಎಂದರು. "ನಮ್ಮ ಯಜಮಾನರಿಗೆ ನಾನು ಬಿಡಿ ಅಂತೀನಿ. ಬಿಡು ಅನ್ನೋದು ಸುತ್ತಿಗೆಗೆ. ಹೊಡಿ ಅಂತ ಅರ್ಥ. ನನ್ನ ಹಲ್ಲು ಹೋಗಿತ್ತು, ನಿಮಗೆ ಹೊಡೀಲಿ ಅಂತಲೇ ಹೇಳಿದೆ. ನೀವು ಕೈ ಇಳಿಸಿದ್ದು ನೋಡಿದೆ. ಆಮೇಲೂ ಬೇಡ ಅನ್ನಲಿಲ್ಲ."

ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಹೆಂಡತಿ ಮಾತ್ರ ಅತ್ತಿಗೆಯ ಮುಖವನ್ನೇ ನೋಡುತ್ತ ನಿಂತಳು, ಆಮೇಲೆ ಬಾಗಿಲು ತೆರೆದು ಹಿಡಿದಳು. ಅಲ್ಲಿಂದ ಅತ್ತಿಗೆ ನೇರ ಠಾಣೆಗೆ ನಡೆದರು. ದಾರಿಯುದ್ದಕ್ಕೂ ನಾನು ಬೈದೆ. ಅತ್ತಿಗೆಯನ್ನು ಜೀವಮಾನದಲ್ಲಿ ಬೈದವನಲ್ಲ, ಅವತ್ತು ಬಾಯಿಗೆ ಬಂದದ್ದೆಲ್ಲ ಅಂದೆ. ಅಣ್ಣ ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳನ್ನು ಹೀಗೆ ಬೀದಿಗೆ ಚೆಲ್ಲುತ್ತೀರಲ್ಲ, ನಿಮಗೆ ಏನು ಸಿಗುತ್ತದೆ, ಶೆಡ್ಡಿಗೆ ಬೀಗ ಜಡಿಯುವುದೊಂದೇ ಎಂದೆ. ಠಾಣೆಯ ಮೆಟ್ಟಿಲಲ್ಲಿ ಅವರು ಒಮ್ಮೆ ನಿಂತರು.

"ಮದುವೆ ಆದಾಗ ನಿಮ್ಮಣ್ಣ ನನ್ನ ಕಿವಿ ಒಡೆದ. ಅಂಥವನನ್ನ ನಾನು ಮನುಷ್ಯ ಮಾಡಿದೆ ಕಣೋ. ಅವನು ನನ್ನ ಮಾತು ಮೀರಿದ ಅಂತ ಊರೆಲ್ಲ ಅಂತಿದೆ. ಮೀರಿಲ್ಲ. ಅದನ್ನ ನಾನು ಹೇಳದಿದ್ದರೆ ಯಾರು ಹೇಳ್ತಾರೆ?"

ಅತ್ತಿಗೆ ಅಣ್ಣನನ್ನು ಅವನು ಎಂದದ್ದು ನಾನು ಕೇಳಿದ್ದು ಅದೊಂದೇ ಸಲ. ನನಗೆ ಅಳು ಬಂತು, ಮುಖ ತಿರುಗಿಸಿಕೊಂಡೆ. ಇನ್ಸ್‌ಪೆಕ್ಟರ್ ಮೊದಲು ನಕ್ಕರು, ಗಂಡನನ್ನು ಉಳಿಸಲು ಹೆಂಡತಿ ಕಟ್ಟಿದ ಕಥೆ ಎಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ನಿಮ್ಮ ಶೆಡ್ಡಿನಲ್ಲಿ ಬಿಡು ಎಂದರೆ ಏನು ಎಂದು ಕೇಳಿದರು. ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ಹೊಡಿ ಅಂತ ಸಾರ್ ಎಂದೆ. ಅವರನ್ನೂ ಒಳಗೆ ಹಾಕಿದರು.

ಅಣ್ಣನಿಗೆ ಸುದ್ದಿ ಹೇಳಲು ಜೈಲಿಗೆ ಹೋದದ್ದು ನಾನೇ. ಜಾಲರಿಯ ಆಚೆ ಅವನು ಸೊರಗಿ ಕೂತಿದ್ದ, ಮೊಣಕಾಲಿನ ಗಾಯ ಇನ್ನೂ ಆರಿರಲಿಲ್ಲ. ಅತ್ತಿಗೆ ಎಲ್ಲ ಹೇಳಿಬಿಟ್ಟರು ಎಂದೆ. ಜಾಲರಿಗೆ ತಲೆ ಚಚ್ಚಿಕೊಳ್ಳುತ್ತಾನೆ, ನನ್ನನ್ನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಎಲ್ಲರ ಎದುರು ಹೇಳಿದಳಾ ಎಂದು ಮಾತ್ರ ಕೇಳಿದ. ಹೌದು, ನೀನು ಮಾತು ಮೀರಿಲ್ಲ ಅಂತ ಹೇಳೋದಕ್ಕೇ ಹೋದರು, ತಪ್ಪೆಲ್ಲ ತಮ್ಮದೇ ಅಂದರು ಎಂದೆ. ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಅವನು ಸದ್ದಿಲ್ಲದೆ ಅತ್ತ. ಹೊತ್ತು ಮುಗಿಯಿತು ಎಂದು ಕಾವಲಿನವನು ಬಂದು ನಿಂತ. ಅಣ್ಣ ಕೈ ತೆಗೆದ.

"ಅವಳು ಹೊಡಿ ಅಂದಿದ್ದು ನಿಜ," ಎಂದ. "ಆದರೆ ಅವಳು ಕೆಳಗೆ ಕೂತಿದ್ದಳು, ಅವನ ಹಿಂದಿನ ಮರ ಹೇಗಿದೆ ಅಂತ ಅವಳಿಗೆ ಕಾಣ್ತಿರಲಿಲ್ಲ. ನನಗೆ ಕಾಣ್ತಿತ್ತು ಕಣೋ. ಅವನ ಬೆನ್ನಿಗೆ ಕೊಳೆತ ಮರದ ತುಂಡೊಂದು, ಅದರಾಚೆ ಏನೂ ಇಲ್ಲ. ನೋಡ್ಕೊಂಡೇ ಬಿಟ್ಟೆ. ಹೋಗಿ ಅವಳಿಗೆ ಹೇಳು."